ಮಾತ್ರೆ ಅಗ್ಗ, ಚೀಟಿ ದುಬಾರಿ

ಈ ದೇಶದಲ್ಲಿ ಹುಡುಗರಿಗೆ ಅಗ್ಗವಾಗಿ ಸಿಗುವುದು ಎರಡೇ: ಉಪದೇಶ ಮತ್ತು ಮಾತ್ರೆ. ಉಪದೇಶಕ್ಕೆ ಮೊದಲಿನಿಂದಲೂ ತೆರಿಗೆಯಿಲ್ಲ. ಬಹುತೇಕ ಮಾತ್ರೆಗಳ ಮೇಲಿದ್ದ ಶೇ 12ರ ಜಿಎಸ್‌ಟಿಯೂ 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿಯಿತು. ಅದೂ ಭಾರವೆನ್ನುವವರಿಗೆ ಜನೌಷಧಿ ಕೇಂದ್ರವಿದೆ. ಬ್ರ್ಯಾಂಡಿನ ಮಾತ್ರೆಗಿಂತ ಶೇ 50ರಿಂದ 90ರಷ್ಟು ಕಡಿಮೆ ಬೆಲೆ. 2008ರಲ್ಲಿ ಶುರುವಾದ ಯೋಜನೆ ಈಗ 15 ಸಾವಿರ ಕೇಂದ್ರಗಳನ್ನು ದಾಟಿದೆ.

ಒಳ್ಳೆಯ ಕೆಲಸ, ಬೈಯುವಂತಿಲ್ಲ. ಬಿಪಿ, ಶುಗರ್ ಇರುವ ಅಪ್ಪ ಅಮ್ಮನ ತಿಂಗಳ ಖರ್ಚು ಅರ್ಧಕ್ಕಿಂತ ಕೆಳಗಿಳಿದಿದೆ. ಆದರೆ ಮಗರಾಯನ ಲೆಕ್ಕವೇ ಬೇರೆ. ಡಾಕ್ಟರ ಫೀಸು 500 ರೂಪಾಯಿ, ಟೋಕನ್ ಹಿಡಿದು ಕೂರುವುದು ಎರಡು ಗಂಟೆ, ಕೊನೆಗೆ ಅವರು ಬರೆಯುವ ಮಾತ್ರೆಗೆ 30 ರೂಪಾಯಿ. ಅಂದಮೇಲೆ 30 ರೂಪಾಯಿಯ ಕಡೆಗೇ ನೇರ ನಡೆದರೆ ಫೀಸೂ ಉಳಿಯಿತು, ರಜೆಯೂ ಉಳಿಯಿತು. ಕಾಮರ್ಸ್ ಓದದವನಿಗೂ ಹೊಳೆಯುವ ಲೆಕ್ಕ.

ಪಿಜಿಗಳು ಸಾಲಾಗಿರುವ ಬೆಂಗಳೂರಿನ ಯಾವ ಬೀದಿಯ ಮೆಡಿಕಲ್ ಶಾಪಿನ ಮುಂದೆಯಾದರೂ ಸಂಜೆ ಹೊತ್ತು ನಿಂತು ನೋಡಿ.

‘ಅಣ್ಣಾ, ಗಂಟಲು ನೋವು. ಅಜಿಥ್ರೋ 500 ಕೊಡಿ.’

‘ಚೀಟಿ?’

‘ಫೋನಲ್ಲಿತ್ತು ಅಣ್ಣಾ, ಚಾರ್ಜ್ ಇಲ್ಲ.’

‘ಮೂರರದ್ದಾ, ಐದರದ್ದಾ?’

ಅಲ್ಲಿಗೆ ವೈದ್ಯಕೀಯ ತಪಾಸಣೆ ಮುಗಿಯಿತು. ಆ ಸ್ಟ್ರಿಪ್‌ನ ಮೇಲೆ ಒಂದು ಕೆಂಪು ಗೆರೆ ಇರುತ್ತದೆ. ವೈದ್ಯರ ಚೀಟಿಯಿಲ್ಲದೆ ನುಂಗಬೇಡಿ ಎಂದು ಅದರ ಅರ್ಥ. ಅದನ್ನು ಜನಕ್ಕೆ ತಿಳಿಸಲು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿ ಆಂದೋಲನವನ್ನೇ ಮಾಡಿತು. ಹುಡುಗ ಅದನ್ನು ಕಂಪನಿಯ ಡಿಸೈನ್ ಎಂದುಕೊಂಡಿದ್ದಾನೆ. ಎರಡು ಮಾತ್ರೆಗೆ ಹಾಯೆನಿಸಿದರೆ ಮೂರನೆಯದು ರೂಮ್‌ಮೇಟ್‌ಗೆ. ಗಂಟಲಿಗೆ ಬಂದದ್ದು ವೈರಸ್, ಅದಕ್ಕೆ ಆ್ಯಂಟಿಬಯಾಟಿಕ್ ನಾಟುವುದಿಲ್ಲ, ನಾಲ್ಕು ದಿನಕ್ಕೆ ಅದೇ ಹೋಗುತ್ತಿತ್ತು. ಆದರೂ ಕೀರ್ತಿ ಮಾತ್ರೆಗೆ.

ಇನ್ನು ಷೆಡ್ಯೂಲ್ ಎಚ್1 ಎಂಬ ಪಟ್ಟಿಯಿದೆ, 2014ರಿಂದ ಜಾರಿಯಲ್ಲಿದೆ. ಆ ಪಟ್ಟಿಯ ಔಷಧ ಮಾರಿದರೆ ರೋಗಿ ಯಾರು, ಬರೆದ ವೈದ್ಯರು ಯಾರು, ಕೊಟ್ಟದ್ದೆಷ್ಟು ಎಂದು ಅಂಗಡಿಯವರು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಎಷ್ಟೋ ಅಂಗಡಿಗಳಲ್ಲಿ ಆ ರಿಜಿಸ್ಟರನ್ನು ಎಷ್ಟು ಜೋಪಾನ ಮಾಡಿದ್ದಾರೆಂದರೆ, ಪೆನ್ನು ಸೋಕಿಸಿಯೇ ಇಲ್ಲ.

ಇದು ಬೇಡದವರ ಕತೆಯಾಯಿತು. ಬೇಕಾದವರದ್ದು? ಖಿನ್ನತೆಗೆ ಚಿಕಿತ್ಸೆ ಪಡೆಯುವ ಇಪ್ಪತ್ತೆರಡರ ಹುಡುಗಿಗೆ ಮಾತ್ರೆಯ ಬೆಲೆ ದೊಡ್ಡ ಅಡ್ಡಿಯಲ್ಲ. ರಾಜ್ಯದ ‘ಮನೋಚೈತನ್ಯ’ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಮಂಗಳವಾರ. ಅವತ್ತೇ ಇಂಟರ್ನಲ್ಸ್. ಹೇಗೋ ಹೋದರೆ ಸಾಲಿನಲ್ಲಿ ಪಕ್ಕದ ಬೀದಿಯವರು ಸಿಕ್ಕು ‘ಏನಮ್ಮಾ, ಇಲ್ಲಿ?’ ಎನ್ನುತ್ತಾರೆ. ಮನೆಯಲ್ಲಿ ಅಮ್ಮನ ಎಚ್ಚರಿಕೆ: ‘ಆ ಮಾತ್ರೆ ಅಭ್ಯಾಸ ಆಗ್ಬಿಡತ್ತೆ ಕಣೇ, ನಿಲ್ಲಿಸು.’ ಅದೇ ಮನೆಯಲ್ಲಿ ಅಣ್ಣ ಬಿರಿಯಾನಿಗೆ ಮುಂಚೆ ಪ್ಯಾಂಟೊಪ್ರಜೋಲ್ ನುಂಗುವ ಅಭ್ಯಾಸಕ್ಕೆ ಮೂರು ವರ್ಷ ತುಂಬಿದೆ. ಅದು ಗ್ಯಾಸ್ಟ್ರಿಕ್, ಮರ್ಯಾದಸ್ಥರ ಕಾಯಿಲೆ. ಹುಡುಗಿ ಎರಡನೇ ತಿಂಗಳಿಗೆ ಮಾತ್ರೆ ಬಿಡುತ್ತಾಳೆ.

ಬೇರೆ ಕಡೆ ಏನು ಮಾಡಿದರು ನೋಡಿ. ಕೆನಡಾದ ಒಂಟಾರಿಯೊ ಪ್ರಾಂತ್ಯ 2018ರ ಜನವರಿ 1ರಿಂದ 24 ವರ್ಷದವರೆಗಿನ ಎಲ್ಲರಿಗೂ 4,400ಕ್ಕೂ ಹೆಚ್ಚು ಔಷಧಗಳನ್ನು ಉಚಿತ ಮಾಡಿತು. ಸರ್ಕಾರ ಬದಲಾಯಿತು, 2019ರ ಏಪ್ರಿಲ್‌ನಲ್ಲಿ ಖಾಸಗಿ ವಿಮೆ ಇರುವವರನ್ನು ಕೈಬಿಟ್ಟರು. ರಾಜಕೀಯ ಅಲ್ಲಿಯೂ ಉಂಟು. ಆದರೆ ಅಲ್ಲಿ ಚೀಟಿಯಿಲ್ಲದೆ ಮಾತ್ರೆಯಿಲ್ಲ, ಚೀಟಿ ಬರೆಸಿಕೊಳ್ಳಲು ಅಲ್ಲಿನ ನಿವಾಸಿಗೆ ಡಾಕ್ಟರ ಫೀಸೂ ಇಲ್ಲ. ಮೊದಲು ವೈದ್ಯರನ್ನು ಅಗ್ಗ ಮಾಡಿ, ಆಮೇಲೆ ಮಾತ್ರೆಗೆ ಕೈಹಾಕಿದರು. ನಾವು ಕೊನೆಯ ಮೆಟ್ಟಿಲಿಗೆ ಅಮೃತಶಿಲೆ ಹಾಸಿ, ಕೆಳಗಿನ ಮೆಟ್ಟಿಲು ಕಟ್ಟುವುದನ್ನು ಮರೆತೆವು.

ಹಾಗೆಂದು ನಮ್ಮಲ್ಲಿ ಚರ್ಚೆಯೇ ಇಲ್ಲವೆಂದಲ್ಲ. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಆಸ್ಪತ್ರೆಗಳ ಆವರಣದ ಜನೌಷಧಿ ಕೇಂದ್ರಗಳನ್ನು ಮುಚ್ಚಲು ಹೊರಟಿತು. ಆಸ್ಪತ್ರೆಯಲ್ಲೇ ಔಷಧ ಪುಕ್ಕಟೆ ಕೊಡುವಾಗ ಅಗ್ಗದ ಅಂಗಡಿ ಯಾಕೆ ಎಂಬುದು ವಾದ. ವಾದ ಸೊಗಸಾಗಿದೆ. ಆದರೆ ಪುಕ್ಕಟೆ ಕೌಂಟರಿನಲ್ಲಿ ‘ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ’ ಎಂಬುದೊಂದು ಮಾತ್ರ ಎಂದೂ ಸ್ಟಾಕ್ ಮುಗಿಯದ ಔಷಧ. ಕೇಂದ್ರ ಸರ್ಕಾರದವರು ಬಡವರ ಹೆಸರಿನಲ್ಲಿ ಕೂಗಿದರು, ರಾಜ್ಯದವರೂ ಬಡವರ ಹೆಸರಿನಲ್ಲೇ ಕೂಗಿದರು, ಕೊನೆಗೆ ಹೈಕೋರ್ಟ್ ತಡೆ ಕೊಟ್ಟಿತು. ಈ ಗಲಾಟೆಯಲ್ಲಿ ಬೋರ್ಡಿನ ಮೇಲೆ ಯಾರ ಫೋಟೊ ಇರಬೇಕೆಂಬುದು ಚರ್ಚೆಯಾಯಿತು, ಬೋರ್ಡಿನ ಕೆಳಗೆ ನಿಂತ ಹುಡುಗನ ಕೈಯಲ್ಲಿ ಚೀಟಿ ಇದೆಯೇ ಎಂಬುದು ಆಗಲಿಲ್ಲ.

ಮಾರ್ಚ್ 7 ಜನೌಷಧಿ ದಿವಸ. ಎಷ್ಟು ಕೇಂದ್ರ ತೆರೆದೆವು, ಎಷ್ಟು ಕೋಟಿ ವಹಿವಾಟಾಯಿತು ಎಂದು ವೇದಿಕೆಯ ಮೇಲೆ ಓದುತ್ತಾರೆ, ಚಪ್ಪಾಳೆ ಬೀಳುತ್ತದೆ. ಎಷ್ಟು ಮಾರಿದೆವು ಎಂಬುದನ್ನು ಹೆಂಡದಂಗಡಿಯವನೂ ಹೇಳಬಲ್ಲ. ಯಾರಿಗೆ, ಯಾವ ಕಾಯಿಲೆಗೆ, ಯಾರ ಚೀಟಿಯ ಮೇಲೆ ಎಂದು ಹೇಳುವುದಕ್ಕೆ ತಾನೇ ಸರ್ಕಾರ ಇರುವುದು?