ಟಕ್ ಟಕ್ ಪುರಾಣ

ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕರೆಂಟಿಗೆ ನೆಂಟರ ಮರ್ಯಾದೆಯಿಲ್ಲ: ಹೇಳದೆ ಬರುತ್ತದೆ, ಆಸರಿಗೆ ಕುಡಿಯದೆ ಹೋಗುತ್ತದೆ. ಏಟು ಬೀಳುವುದು ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ.

"ತಮಾ, ಕಂಪ್ಯೂಟರಿಗೆ ಎಂತೋ ಆಜು, ಟಕ್ ಟಕ್ ಹೇಳ್ತು" ಎಂದು ಸಿದ್ದಾಪುರದ ಮಾವನ ಫೋನು. ಒಳಗಿದ್ದದ್ದು ಅಡಿಕೆ ಲೆಕ್ಕ, ಮಗಳ ಮದುವೆಯ ಫೋಟೋ, ಕೆರೆಮನೆ ಶಂಭು ಹೆಗಡೆಯವರ ಯಕ್ಷಗಾನದ ವಿಡಿಯೋ. ಸಲಹೆಗಳಿಗೇನು ಬರವೇ? ಯಲ್ಲಾಪುರದ ಭಾವ "ಫಾರ್ಮ್ಯಾಟ್ ಹೊಡಿ" ಎಂದ. ಮನೆ ಸುಟ್ಟರೆ ಜಿರಲೆಯೂ ಹೋಗುತ್ತದೆ, ನಿಜ. ಶಿರಸಿಯ ಅತ್ತಿಗೆ ಫ್ರಿಜ್ಜಿನಲ್ಲಿಡಲು ಹೇಳಿದಳು. ಹೊರತೆಗೆದ ಮೇಲೆ ನಮ್ಮ ತೇವದ ಹವೆಗೆ ಹನಿಗಟ್ಟದೆ ಇರುತ್ತದೆಯೇ? ಮಾವನಿಗೆ ಹೊಳೆದದ್ದು ಅಡಿಕೆ ಒಣಗಿಸುವ ಡ್ರೈಯರ್!

ಹಾರ್ಡ್ ಡಿಸ್ಕಿನ ಒಳಗೆ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರುತ್ತದೆ; ಓದುವ ಹೆಡ್ಡು ಅದನ್ನು ಮುಟ್ಟದೆ ಮೇಲೆ ತೇಲಬೇಕು. ಹೆಡ್ಡು ದಾರಿ ತಪ್ಪಿ ಹುಡುಕಾಡುವ ಸದ್ದೇ ಬಹುಮಟ್ಟಿಗೆ ಆ ಟಕ್ ಟಕ್. ಆಗ ರಿಪೇರಿ ತಂತ್ರಾಂಶ ಓಡಿಸಿದರೆ ಇದ್ದ ಜೀವವೂ ಹೋದೀತು. ಕಡತ ಕಾಣುತ್ತಿದ್ದರೆ ಮುಖ್ಯವಾದದ್ದನ್ನು ಮೊದಲು ನಕಲಿಸಿ. ಕಾಣದಿದ್ದರೆ ಆಫ್ ಮಾಡಿ ಬಲ್ಲವರಿಗೆ ಕೊಡಿ.

ಓದುಗ ಮಹಾಶಯರೇ, ಮಳೆ ಹಿಡಿಯುವ ಮೊದಲೇ ಇನ್ನೊಂದು ಪ್ರತಿ ಮಾಡಿ, ಬೆಂಗಳೂರಿನ ಮಗನ ಮನೆಯಲ್ಲಿಡಿ.