ವರ್ಗಾವಣೆ ಗೌಡ್ರು

ಮಂಡ್ಯ ಸೀಮೆಯಲ್ಲಿ ಬೀದಿಗೊಬ್ಬರಾದರೂ ಸಿಗುವ ನಿವೃತ್ತ ಶಿರಸ್ತೇದಾರರಲ್ಲಿ ನಮ್ಮ ಗೌಡ್ರೂ ಒಬ್ಬರು. ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ ಎಂದು ನಾಲ್ಕು ತಾಲ್ಲೂಕು ಕಚೇರಿಗಳಲ್ಲಿ ಸರ್ಕಾರ ಇವರನ್ನು ಕಿತ್ತು ಕಿತ್ತು ನೆಟ್ಟಿತ್ತು. ಗಂಜಾಮಿನಲ್ಲಿ ಮನೆ ಕಟ್ಟಿ ಕೂತ ಮೇಲೆ ಆ ಸೇಡನ್ನು ಗಿಡಗಳ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ.

ಬೀಜ ಬಿದ್ದ ದಿನವೇ ಸೇವಾ ಪುಸ್ತಕ ಶುರು. 98 ಗುಳಿಯ ಟ್ರೇಯಲ್ಲಿ, ತೆಂಗಿನ ನಾರಿನ ಪುಡಿಯೊಳಗೆ ಪ್ರೊಬೇಷನ್. ಟೊಮೆಟೊ ಆಗಲಿ, ಬದನೆ ಆಗಲಿ, ಮೊದಲು ಬರುವ ಜೋಡಿ ಎಲೆಯನ್ನು ಇವರು ಲೆಕ್ಕಕ್ಕೇ ಹಿಡಿಯುವುದಿಲ್ಲ. "ಅವು ಬೀಜದೊಳಗೇ ಇದ್ದವು ಕಣ್ರೀ, ಬರೀ ಶಿಫಾರಸು. ಸ್ವಂತ ಎಲೆ ಎರಡು ಬರ್ಲಿ, ನೋಡನ." ಅವು ಬಂದವೋ, ಬಿಸಿಲು ಇಳಿದ ಮೇಲೆ ಆದೇಶ ಜಾರಿ: ಟ್ರೇಯಿಂದ ನಂದಿನಿ ಹಾಲಿನ ಪ್ಯಾಕೆಟ್ಟಿಗೆ, ಅಲ್ಲಿಂದ ಪೇಂಟ್ ಡಬ್ಬಕ್ಕೆ, ಅಲ್ಲಿಂದ ಬಕೆಟ್ಟಿಗೆ. ಮೆಟ್ಟಿಲು ಹಾರಿಸಿ ಬಡ್ತಿ ಮಾತ್ರ ಇಲ್ಲ. "ಪುಟ್ಟ ಬೇರಿಗೆ ದೊಡ್ಡ ಕುಂಡ ಕೊಟ್ರೆ ನೀರು ನಿಂತು ಕೊಳೀತದೆ. ನಮ್ಮಾಫೀಸಲ್ಲೇ ನೋಡಿವ್ನಿ."

ಮಣ್ಣಿನ ವಿಷಯದಲ್ಲಿ ನಾಲ್ಕೂ ತಾಲ್ಲೂಕಿಗೆ ಪ್ರಾತಿನಿಧ್ಯ. ನಾಗಮಂಗಲದ ಕೆಂಪು ಮಣ್ಣು, ಕೆ.ಆರ್. ಪೇಟೆ ಕಡೆಯ ಹೇಮಾವತಿ ಮರಳು, ಪಾಂಡವಪುರದ ಭಾವಮೈದನ ತಿಪ್ಪೆಯ ಹಳೇ ಗೊಬ್ಬರ. ಶ್ರೀರಂಗಪಟ್ಟಣದ ಪಾಲು ಕಾವೇರಿ ನೀರು. ಅದೂ ನಲ್ಲಿ ಬಂದ ದಿನ. ಸಸಿ ಎತ್ತುವಾಗ ಕಾಂಡ ಮುಟ್ಟಿದರೆ ಮೊಮ್ಮಗನಿಗೂ ಮೆಮೊ ಉಂಟು. "ಎಲೆ ಹಿಡ್ಕೊ ಮಗ. ಎಲೆ ಹೋದ್ರೆ ಇನ್ನೊಂದು ಬತ್ತದೆ, ಕಾಂಡ ಮುರಿದ್ರೆ ಫೈಲೇ ಕ್ಲೋಸು."

ಇಷ್ಟೊಂದು ಹುದ್ದೆ ಸೃಷ್ಟಿಯಾಗಬೇಕಾದರೆ ಪಾತ್ರೆ ಬೇಕಲ್ಲ? ಅಡುಗೆಮನೆ ಭೂಸ್ವಾಧೀನಕ್ಕೆ ಒಳಪಟ್ಟಿತು. ತಳಕ್ಕೆ ತೂತು ಬಿದ್ದ ಮೇಲೆಯೇ ಮನೆಯಾಕೆಗೆ ನೋಟಿಸ್. ಆಕೆಯೂ ಒಂದು ತಡೆಯಾಜ್ಞೆ ತಂದಿದ್ದಾರೆ: "ನಮ್ಮವ್ವ ಕೊಟ್ಟ ನಾಗಮಂಗಲದ ಹಿತ್ತಾಳೆ ಕೊಳಗಕ್ಕೆ ಮೊಳೆ ಹೊಡುದ್ರೆ, ನಾನೂ ವರ್ಗ ತಕ್ಕಂಡು ಮಗಳ ಮನೆಗೆ ಹೊಂಟೋಯ್ತೀನಿ."

ಯಾರಿಗಾದರೂ ಕರಿಬೇವಿನ ಸಸಿ ಕೊಟ್ಟರೆ ಅಲ್ಲಿಗೆ ಮುಗಿಯಿತು ಅನ್ನುವಂತಿಲ್ಲ. ವರ್ಷಕ್ಕೊಮ್ಮೆ ಆ ಮನೆಗೆ ಜಮಾಬಂದಿ ಬರುತ್ತದೆ, ಕಾಫಿ ಖರ್ಚು ಮನೆಯವರದು. "ನೆಲಕ್ಕೇ ನೆಟ್ಟುಬುಟ್ವಿ ಗೌಡ್ರೇ" ಅಂದರೆ ಮುಖ ಸಣ್ಣದಾಗುತ್ತದೆ. ನೆಲಕ್ಕೆ ಹೋದ ಗಿಡಕ್ಕೆ ಇನ್ನು ವರ್ಗಾವಣೆ ಎಲ್ಲಿಂದ?

ಗಂಜಾಂ ಒಂದು ಕಾಲಕ್ಕೆ ಅಂಜೂರಕ್ಕೆ ಹೆಸರಾದ ಊರು. ಅಂಥ ಊರಲ್ಲೂ ಗೌಡ್ರ ಅಂಜೂರ ಹಿತ್ತಲಿನ ಡ್ರಮ್ಮಿನಲ್ಲೇ ನಿಂತು, ಇನ್ನೂ ದೊಡ್ಡ ಡ್ರಮ್ಮಿಗೆ ಕಾಯುತ್ತಿತ್ತು. ಮೊನ್ನೆ ಅದೂ ಬಂತು. ಹಳೆಯದನ್ನು ಎತ್ತಲು ನಾಲ್ಕು ಜನ ಕೈ ಹಾಕಿದರು, ಅಲುಗಲಿಲ್ಲ. ಬೇರು ತಳದ ತೂತಿನಿಂದ ಇಳಿದು, ಯಾವ ಆದೇಶಕ್ಕೂ ಕಾಯದೆ ನೆಲದಲ್ಲಿ ಡ್ಯೂಟಿಗೆ ಹಾಜರಾಗಿತ್ತು.

ಗೌಡ್ರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಸೊಂಟ ಹಿಡಿದು ಎದ್ದರು.

"ಆಯ್ತು ಬುಡ್ರಪ್ಪ. ಘಟನೋತ್ತರ ಮಂಜೂರಾತಿ ಕೊಟ್ಟಿವ್ನಿ. ಆ ಹೊಸ ಡ್ರಮ್ ಈಕಡೆ ತನ್ನಿ, ಸೀಬೆದು ಅರ್ಜಿ ಬಾಕಿ ಅದೆ."