ನೂರು ಮೀಟರಿನಾಚೆ: ಮತದಾನ ದಿನದ ಒಂದು ಕುರ್ಚಿಸ್ಥ ಅಧ್ಯಯನ

ಚುನಾವಣೆಯ ಬಗ್ಗೆ ಬರೆದ ಪಂಡಿತರೆಲ್ಲ ಮತಗಟ್ಟೆಯ ಒಳಗನ್ನೇ ನೋಡಿದ್ದಾರೆ. ಒಳಗೆ ನೋಡಲು ಏನಿದೆ? ಪ್ರೈಮರಿ ಶಾಲೆಯ ಒಂದು ಕೋಣೆ, ಗೋಡೆಯ ಮೇಲೆ ಮಗ್ಗಿ, ರಟ್ಟಿನ ಮರೆ, ಕೊನೆಗೊಂದು ‘ಬೀಪ್’. ಅದರ ಸುತ್ತ ನೂರು ಮೀಟರಿಗೆ ಕಾನೂನು ಮಡಿ ವಿಧಿಸಿದೆ. ಆ ಗೆರೆಯೊಳಗೆ ಯಾರೂ ಓಟು ಕೇಳುವಂತಿಲ್ಲ. ಹಾಗಾಗಿ ಅಂದಿನ ಜೀವಕಳೆಯೆಲ್ಲ ಗೆರೆಯಾಚೆಗೇ ಇರುತ್ತದೆ. ವಿದ್ವತ್ ಲೋಕದ ಈ ಕೊರತೆಯನ್ನು ತುಂಬಲೆಂದು ಪ್ರಸ್ತುತ ಸಂಶೋಧಕನು 2023ರ ಮೇ 10ರ ಬುಧವಾರ, ಹಳೇ ಮೈಸೂರು ಸೀಮೆಯ ಒಂದು ಊರಿನ ಹೊಂಗೆಮರದ ಕೆಳಗೆ, ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅಧ್ಯಯನ ನಡೆಸಿದನು. ಕುರ್ಚಿ ಎಲ್ಲಿಂದ ಬಂತೆಂಬುದು ಆಗ ಸಂಶೋಧನೆಯ ವ್ಯಾಪ್ತಿಯಲ್ಲಿರಲಿಲ್ಲ.

ಮೊದಲು ಶಬ್ದವಿಚಾರ. ‘ಮತದಾನ’ವೆಂದರೆ ಮತದ ದಾನ. ಶಾಸ್ತ್ರದ ಪ್ರಕಾರ ದಾನ ಕೊಡುವವನೇ ಅದರ ಮೇಲೆ ದಕ್ಷಿಣೆಯನ್ನೂ ಇಟ್ಟು ಕೊಡಬೇಕು. ನಮ್ಮ ಸೀಮೆಯ ಸಂಪ್ರದಾಯದಲ್ಲಿ ದಾನ ಮಾಡುವವನಿಗೇ ದಕ್ಷಿಣೆ ಸಲ್ಲುತ್ತದೆ. ಅದೂ ಹಿಂದಿನ ರಾತ್ರಿ, ಬೀದಿದೀಪ ಆರಿದ ಮೇಲೆ. ಇದನ್ನು ಲಂಚವೆಂದು ಕರೆಯುವ ಆತುರ ವಿದ್ವಾಂಸರಿಗೆ ತರವಲ್ಲ. ‘ವಿಲೋಮ ದಕ್ಷಿಣೆ’ ಎಂಬ ಪದವನ್ನು ಈ ಮೂಲಕ ಚಲಾವಣೆಗೆ ಬಿಟ್ಟಿದ್ದೇನೆ.

ಆಡುಮಾತಿನಲ್ಲಿ ನಾವು ಓಟನ್ನು ‘ಹಾಕು’ತ್ತೇವೆ. ಕನ್ನಡಿಗರು ಇನ್ನೇನೇನು ಹಾಕುತ್ತಾರೆಂದು ಪಟ್ಟಿ ಮಾಡಿ ನೋಡಿ: ಗಿಡಕ್ಕೆ ನೀರು, ದನಕ್ಕೆ ಹುಲ್ಲು, ತಿಪ್ಪೆಗೆ ಕಸ. ಇವುಗಳಲ್ಲಿ ಯಾವುದನ್ನು ಹಾಕಿದ ಮೇಲೂ ರಸೀದಿ ಕೇಳುವ ವಾಡಿಕೆಯಿಲ್ಲ. ಆ ಕಡೆಯಿಂದ ತಿರುಗಿ ಬರುವುದಕ್ಕೂ ಅದೇ ಧಾತು. ಟೋಪಿಯನ್ನೂ ಹಾಕುತ್ತಾರೆ, ನಾಮವನ್ನೂ ಹಾಕುತ್ತಾರೆ. ಈಚೆಗೆ ಚುನಾವಣಾ ಆಯೋಗವು ವಿವಿಪ್ಯಾಟ್ ಎಂಬ ಯಂತ್ರ ಇಟ್ಟು ಗಾಜಿನಾಚೆ ಏಳು ಸೆಕೆಂಡು ಒಂದು ಚೀಟಿ ತೋರಿಸುತ್ತದೆ. ಮುಟ್ಟುವಂತಿಲ್ಲ, ಕಣ್ತುಂಬಿಕೊಳ್ಳಬಹುದು. ತಿರುಪತಿಯ ದರ್ಶನಕ್ಕೆ ಹೋಲಿಸಿದರೆ ತುಸು ಧಾರಾಳವೇ.

ತರ್ಕಶಾಸ್ತ್ರದ ‘ಪೂರ್ವಪಕ್ಷ’ ಎಂಬ ಮಾತಿಗೂ ಕರ್ನಾಟಕದಲ್ಲಿ ಅರ್ಥ ಪಲ್ಲಟವಾಗಿದೆ. ಶಾಸಕರು ಯಾವುದರ ಚಿಹ್ನೆಯಲ್ಲಿ ಗೆದ್ದರೋ ಅದು ಪೂರ್ವಪಕ್ಷ. ರೆಸಾರ್ಟಿನಿಂದ ಹೊರಗೆ ಬರುವಾಗ ಯಾವುದರಲ್ಲಿರುತ್ತಾರೋ ಅದು ಸಿದ್ಧಾಂತ. 2019ರಲ್ಲಿ ಒಂದು ಸರ್ಕಾರ ಬಿದ್ದು 17 ಶಾಸಕರು ಅನರ್ಹರಾದದ್ದು ಈ ತರ್ಕದ ದೊಡ್ಡ ಪ್ರಯೋಗ. ಮತದಾರನಿಗೆ ನಂಬಿಕೆ ಏಕಿಲ್ಲ ಎಂದು ಕೇಳುವವರು ಮೊದಲು ಈ ಪಾಠವನ್ನು ಮುಗಿಸಿ ಬರಲಿ.

ಇನ್ನು ಭೂಗೋಳ. ನೂರು ಮೀಟರಿನ ಗೆರೆಯನ್ನು ಸುಣ್ಣದ ಪುಡಿಯಲ್ಲಿ ಎಳೆದಿರುತ್ತಾರೆ. ಒಂಬತ್ತು ಗಂಟೆಯ ಹೊತ್ತಿಗೆ ಅದರ ಅರ್ಧ ಮತದಾರರ ಚಪ್ಪಲಿಯಲ್ಲಿ ಒಳಗೆ ಹೋಗಿರುತ್ತದೆ, ಇನ್ನರ್ಧ ಹೊರಗೆ ಬಂದಿರುತ್ತದೆ. ಆಗ ಇನ್ನೂರು ಮೀಟರಿನಾಚೆ ಪಕ್ಷಗಳ ಮೇಜುಗಳಿದ್ದವು. ನಿಯಮ ಸ್ಪಷ್ಟವಾಗಿತ್ತು: ಒಂದು ಮೇಜು, ಎರಡು ಕುರ್ಚಿ, ಬಿಸಿಲಿಗೊಂದು ಕೊಡೆಯೋ ಟಾರ್ಪಾಲೋ. ನಿಯಮ ಎಲ್ಲೂ ಮುರಿಯಲಿಲ್ಲ. ಎರಡೇ ಕುರ್ಚಿ ಇದ್ದವು. ಅವುಗಳ ಸುತ್ತ ಹದಿನೇಳು ಜನ ನಿಂತಿದ್ದರು. ಮತದಾರನಿಗೆ ಕೊಡುವ ಚೀಟಿ ಬಿಳಿ ಹಾಳೆಯದಾಗಿರಬೇಕು, ಅದರಲ್ಲಿ ಅಭ್ಯರ್ಥಿಯ ಹೆಸರಾಗಲಿ ಚಿಹ್ನೆಯಾಗಲಿ ಇರಕೂಡದು. ಅದೂ ಹಾಗೇ ಇತ್ತು. ಚೀಟಿ ಕೊಡುವವನ ಕಣ್ಣಿನಲ್ಲಿ, ಹುಬ್ಬಿನಲ್ಲಿ, ‘ಅಕ್ಕಾ, ನಮ್ಮನ್ನ ಮರೀಬ್ಯಾಡಿ’ ಎಂಬ ಸ್ವರದಲ್ಲಿ ಚಿಹ್ನೆ ಎಷ್ಟು ದೊಡ್ಡದಾಗಿ ಮುದ್ರಿತವಾಗಿತ್ತೆಂಬುದನ್ನು ಅಳೆಯುವ ಸ್ಕೇಲು ಆಯೋಗದ ಬಳಿ ಇದ್ದಂತಿಲ್ಲ.

ಬಹಿರಂಗ ಪ್ರಚಾರ 48 ಗಂಟೆ ಮೊದಲೇ ನಿಂತಿರುತ್ತದೆ. ನಿಂತದ್ದು ಮೈಕು ಮಾತ್ರ. ಮತದಾರರನ್ನು ಕರೆತರಲು ವಾಹನ ಬಾಡಿಗೆಗೆ ಹಿಡಿಯುವುದು ಅಪರಾಧವಾದ್ದರಿಂದ ಅಂದು ಊರಿನ ಆಟೋಗಳಲ್ಲೆಲ್ಲ ‘ನೆಂಟರು’ ಓಡಾಡುತ್ತಿದ್ದರು. ಒಬ್ಬ ಅಜ್ಜಿ ಬರುವಾಗ ಒಂದು ಪಕ್ಷದ ನೆಂಟರ ಆಟೋದಲ್ಲಿ ಬಂದು, ಹೋಗುವಾಗ ಇನ್ನೊಂದರ ಆಟೋ ಹತ್ತಲು ನಿಂತಿದ್ದರು. ಸಮ್ಮಿಶ್ರ ಸರ್ಕಾರಕ್ಕೆ ಇದಕ್ಕಿಂತ ಸರಳ ವ್ಯಾಖ್ಯೆ ನನಗೆ ಯಾವ ಗ್ರಂಥದಲ್ಲೂ ಸಿಕ್ಕಿಲ್ಲ. ಈ ಅಜ್ಜಿ ಮುಂದೆ ಮತ್ತೆ ಬರುತ್ತಾರೆ.

ಗಣಿತಕ್ಕೆ ಬರೋಣ. ವಿಧಾನಸಭೆಯ ಅಭ್ಯರ್ಥಿ ಖರ್ಚು ಮಾಡಬಹುದಾದ ಗರಿಷ್ಠ ಮೊತ್ತ 40 ಲಕ್ಷ ರೂಪಾಯಿ. 2023ರಲ್ಲಿ ರಾಜ್ಯದಲ್ಲಿದ್ದ ಸುಮಾರು 5.3 ಕೋಟಿ ಮತದಾರರನ್ನು 224 ಕ್ಷೇತ್ರಗಳಿಗೆ ಹಂಚಿ ಭಾಗಿಸಿದರೆ ತಲೆಗೆ ಹದಿನೇಳು ರೂಪಾಯಿಯ ಆಸುಪಾಸು. ಇದು ಒಂದು ಬೈಟು ಕಾಫಿಯ ಪ್ರಜಾಪ್ರಭುತ್ವ, ಬಹಳ ಚೆನ್ನಾಗಿದೆ. ಆದರೆ ಅದೇ ಚುನಾವಣೆಯಲ್ಲಿ ಅಧಿಕಾರಿಗಳು ದಾರಿಯಲ್ಲಿ ತಡೆದು ಜಪ್ತಿ ಮಾಡಿದ ನಗದು, ಹೆಂಡ, ಚಿನ್ನ, ಉಡುಗೊರೆ ಇತ್ಯಾದಿಗಳ ಬೆಲೆ 375 ಕೋಟಿ. ಕ್ಷೇತ್ರಕ್ಕೆ 1.67 ಕೋಟಿ ಬಿತ್ತು. ಇದು ಸಿಕ್ಕಿಬಿದ್ದದ್ದರ ಲೆಕ್ಕ. ಬಲೆಗೆ ಬಿದ್ದ ಮೀನನ್ನು ಎಣಿಸಿ ಕೆರೆಯ ಮೀನನ್ನು ಅಂದಾಜು ಮಾಡುವ ವಿದ್ಯೆ ಮೀನುಗಾರಿಕೆ ಇಲಾಖೆಗೆ ಗೊತ್ತು. ಸಂಶೋಧಕನು ಅಷ್ಟು ಕಲಿತವನಲ್ಲ.

ಇಷ್ಟೆಲ್ಲ ಸುರಿದರೆ ಓಟು ಬೀಳುತ್ತದೆಯೇ? ಮೇಜಿನ ಹಿಂದೆ ಕೂತಿದ್ದ ಒಬ್ಬ ಹಿರಿಯ ಕಾರ್ಯಕರ್ತರನ್ನು ಕೇಳಿದೆ. ‘ಬೀಳಲ್ಲ ಸಾ’ ಎಂದರು, ಒಂದು ಕ್ಷಣವೂ ಯೋಚಿಸದೆ. ‘ಎರಡೂ ಕಡೇಲೂ ಈಸ್ಕೊಂಡು ಅವರಿಗೆ ಬೇಕಾದೋರ್ಗೇ ಹಾಕ್ತಾರೆ.’ ಮತ್ತೇಕೆ ಕೊಡುತ್ತೀರಿ? ‘ಅವ್ರು ಕೊಟ್ಟವ್ರೆ. ನಾವು ಕೊಡ್ಲಿಲ್ಲ ಅಂದ್ರೆ ನಮಗೆ ಗೆಲ್ಲೋ ನಂಬಿಕೆ ಇಲ್ಲ ಅಂದ್ಕತಾರೆ.’ ಎದುರು ಮೇಜಿಗೆ ಹೋಗಿ ಅದನ್ನೇ ಕೇಳಿದೆ. ಅದೇ ಉತ್ತರ ಬಂತು, ‘ಅವ್ರು’ ಎನ್ನುವಾಗ ಬೆರಳು ಮಾತ್ರ ಈ ಕಡೆ ತಿರುಗಿತು. ಅಂದರೆ ಈ ಹಣ ಓಟು ಕೊಳ್ಳಲು ಅಲ್ಲ, ಅಪನಂಬಿಕೆಗೆ ಕಟ್ಟುವ ವಾರ್ಷಿಕ ಕಂತು. ಐದು ವರ್ಷಕ್ಕೊಮ್ಮೆ ಕಟ್ಟಿದರೂ ವಾರ್ಷಿಕವೆಂದೇ ಕರೆಯುವುದು ಪದ್ಧತಿ, ಏಕೆಂದರೆ ನಡುವೆ ಪಂಚಾಯಿತಿ, ಪರಿಷತ್ತು, ಉಪಚುನಾವಣೆಗಳು ಬರುತ್ತಲೇ ಇರುತ್ತವೆ.

ಈಗ ಪ್ರಬಂಧದ ಮುಖ್ಯ ಭಾಗವಾದ ‘ಯಾರ್ ಬಂದ್ರೂ ಅಷ್ಟೇಯ’ ಎಂಬ ಮಹಾವಾಕ್ಯ. ಬೆಳಗಿನಿಂದ ಮಧ್ಯಾಹ್ನದವರೆಗೆ ಇದನ್ನು ನಲವತ್ತಕ್ಕೂ ಹೆಚ್ಚು ಸಲ ಕೇಳಿಸಿಕೊಂಡು ಎಣಿಸುವುದನ್ನು ಬಿಟ್ಟೆ. ಇದನ್ನು ಓಟು ಹಾಕದವರು ಹೇಳುವುದು ಸಹಜ. ಹಾಕಿ ಬಂದವರು ಬೆರಳಿನ ಶಾಯಿ ಒಣಗಿಸಿಕೊಳ್ಳುತ್ತ ಹೇಳುತ್ತಾರೆ. ಸರದಿಯಲ್ಲಿ ನಿಂತವರು ಬಿಸಿಲಿಗೆ ಟವೆಲು ಹೊದ್ದು ಹೇಳುತ್ತಾರೆ. ಯಾರು ಬಂದರೂ ಅಷ್ಟೇ ಆದರೆ ಬಿಸಿಲಿನಲ್ಲಿ ಒಂದೂವರೆ ಗಂಟೆ ನಿಲ್ಲುವುದೇಕೆ ಎಂಬ ಪ್ರಶ್ನೆಗೆ ಒಬ್ಬರು ಕೊಟ್ಟ ಉತ್ತರ: ‘ಹಾಕ್ದೆ ಇದ್ರೆ ಬಯ್ಯಕ್ಕೆ ಹಕ್ಕಿರಲ್ಲ.’

ಟೀ ಅಂಗಡಿಯ ಬೆಂಚಿನಲ್ಲಿ ಒಬ್ಬ ನಡುವಯಸ್ಸಿನವರು ಶಾಸ್ತ್ರಾಧಾರವನ್ನೇ ಒದಗಿಸಿದರು. ‘ರಾಮ ಆಳುದ್ರೇನು, ರಾವಣ ಆಳುದ್ರೇನು, ರಾಗಿ ಬೀಸಾದು ತಪ್ತದಾ?’ ಬೆಂಚು ಪೂರ್ತಿ ತಲೆಯಾಡಿಸಿತು. ಗಾದೆಯ ಮುಂದೆ ತರ್ಕ ಏಳುವುದಿಲ್ಲ. ಆಗ ಆಟೋ ಹತ್ತಲು ನಿಂತಿದ್ದ ಆ ಅಜ್ಜಿ ತಿರುಗಿದರು.

‘ಏನ್ಲಾ ಮಗ, ನೀನು ಬೀಸಿದ್ದೀಯಾ ರಾಗಿಯ?’

‘ನಾನೆಲ್ಲಿ ಬೀಸಾನಜ್ಜಿ.’

‘ನಿಮ್ಮಪ್ಪ?’

ಉತ್ತರ ಬರಲಿಲ್ಲ.

‘ಬೀಸಿದೋಳು ನಾನು. ಕೋಳಿ ಕೂಗೋ ಹೊತ್ಗೆ ಎದ್ದು ಬೀಸಿದ್ದೀನಿ. ಊರ್ಗೆ ಕರೆಂಟು ಬಂತು, ಮಿಲ್ಲು ಬಂತು, ನನ್ನ ರಟ್ಟೆ ಉಳ್ಕಂತು. ತಪ್ಪಲ್ವಂತೆ!’

ಆಟೋ ಹೊರಟುಹೋಯಿತು. ಈ ಹೇಳಿಕೆ ಪ್ರಬಂಧದ ವಾದಸರಣಿಗೆ ಹೊಂದದ ಕಾರಣ ಅನುಬಂಧಕ್ಕೆ ತಳ್ಳಬೇಕೆಂದಿದ್ದೆ. ಅನುಬಂಧಕ್ಕೆ ಪುಟ ಮಂಜೂರಾಗಲಿಲ್ಲ.

‘ನನ್ನೊಂದು ಓಟಿನಿಂದ ಏನಾದೀತು’ ಎಂಬುದು ಮಹಾವಾಕ್ಯದ ಉಪಶಾಖೆ. ಇದಕ್ಕೆ ಅಪವಾದವಾಗಿ ಚಾಮರಾಜನಗರದ ಕಡೆಯವರು ಸಂತೇಮರಹಳ್ಳಿಯ ಹೆಸರು ಹೇಳುತ್ತಾರೆ. 2004ರಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಪಡೆದದ್ದು 40,752, ಎ.ಆರ್. ಕೃಷ್ಣಮೂರ್ತಿ ಪಡೆದದ್ದು 40,751. ನಾನು ಕೂತಿದ್ದ ದಿನದ್ದೇ ಚುನಾವಣೆಯಲ್ಲಿ ಬೆಂಗಳೂರಿನ ಜಯನಗರ 16 ಓಟಿನಲ್ಲಿ ಇತ್ಯರ್ಥವಾಯಿತು. ಬೆಂಗಳೂರಿನ ಮಾತು ಬಂದದ್ದರಿಂದ ಹೇಳಬೇಕು: ವಾರದ ಕೊನೆಗೆ ಇಟ್ಟರೆ ಪಟ್ಟಣದವರು ಸಾಲುರಜೆ ಹಾಕಿ ಹೊರಡುತ್ತಾರೆಂದು ಆಯೋಗ ಆ ಸಲ ಬುಧವಾರವನ್ನೇ ಆರಿಸಿತ್ತು. ಬೆರಳು ತೋರಿಸಿದವರಿಗೆ ಕೆಲವು ಹೋಟೆಲುಗಳು ಬೆಣ್ಣೆದೋಸೆಯನ್ನೂ ಬಿಟ್ಟಿ ಕೊಟ್ಟವು. ರಾಜ್ಯದಲ್ಲಿ ಶೇ. 73 ದಾಟಿದ ಮತದಾನ ರಾಜಧಾನಿಯಲ್ಲಿ ಶೇ. 55ರ ಆಸುಪಾಸಿನಲ್ಲೇ ನಿಂತಿತು. ಬುಧನಿಗೂ ಆಗಲಿಲ್ಲ, ಬೆಣ್ಣೆಗೂ ಆಗಲಿಲ್ಲ. ಅಪಾರ್ಟ್‌ಮೆಂಟಿನ ನಿರಾಶಾವಾದಿಗೂ ಟೀ ಬೆಂಚಿನ ನಿರಾಶಾವಾದಿಗೂ ಇರುವ ವ್ಯತ್ಯಾಸ ಇದು: ಎರಡನೆಯವರು ಓಟು ಹಾಕಿದ ಮೇಲೆ ನಿರಾಶರಾಗುತ್ತಾರೆ.

ಆರು ಗಂಟೆಗೆ ಶಾಲೆಯ ಗೇಟು ಮುಚ್ಚಿತು. ಬಿಳಿ ಚೀಟಿಗಳು ಚರಂಡಿಯ ಉದ್ದಕ್ಕೂ ಬಿದ್ದಿದ್ದವು. ಉಪ್ಪಿಟ್ಟಿನ ಪೊಟ್ಟಣಗಳಿಗೆ ನಾಯಿಗಳು ಪಕ್ಷಭೇದವಿಲ್ಲದೆ ಮೂತಿ ಹಾಕುತ್ತಿದ್ದವು. ಟಿಪ್ಪಣಿ ಪುಸ್ತಕ ಮಡಚುವಷ್ಟರಲ್ಲಿ ಶಾಮಿಯಾನದ ಅಂಗಡಿಯ ಹುಡುಗ ಬಂದು ಎದುರು ನಿಂತ.

‘ಸಾರ್, ಏಳ್ತೀರಾ? ಕುರ್ಚಿ ಬೇಕು.’

ಎದೆ ಧಸಕ್ಕೆಂದಿತು. ಚುನಾವಣಾಧಿಕಾರಿಗಳ ದರಪಟ್ಟಿಯಲ್ಲಿ ಕುರ್ಚಿಗೂ ಬಾಡಿಗೆ ಗೊತ್ತುಮಾಡಿ ಅಭ್ಯರ್ಥಿಯ ಖರ್ಚಿಗೆ ಸೇರಿಸುತ್ತಾರೆ. ಹನ್ನೊಂದು ಗಂಟೆ ಕಾಲ ನಿಷ್ಪಕ್ಷಪಾತ ಅಧ್ಯಯನ ನಡೆಸಿದ್ದು ಯಾರ ಲೆಕ್ಕದಲ್ಲಿ?

‘ಇದು ಯಾವ ಪಕ್ಷದ ಕುರ್ಚಿಯಪ್ಪ?’

‘ಎಲ್ಲಾ ಕಡೆಗೂ ನಮ್ಮ ಅಂಗಡಿದೇ ಸಾರ್. ಬೇಗ ಏಳಿ, ನಾಳೆ ಮದುವೆಗೆ ಹೋಗ್ಬೇಕು ಇವು.’